ಕಿಡ್ನಿ ರಿಪೋರ್ಟಿನ ಪದಗಳಿಗೆ ಸರಳ ವಿವರಣೆ: ಕರಡು ಇಲ್ಲಿದೆ, ತಿದ್ದಿಕೊಡಿ

ತಿಪಟೂರಿನ ಮೇಷ್ಟ್ರು

ನಮ್ಮೂರಿನ ಹಿರಿಯ ನಾಗರಿಕರ ಸಂಘದಲ್ಲಿ ತಿಂಗಳಿಗೊಮ್ಮೆ ಬಿಪಿ ಮತ್ತು ಸಕ್ಕರೆ ತಪಾಸಣೆ ನಡೆಯುತ್ತದೆ. ಈ ವರ್ಷದಿಂದ ಕಿಡ್ನಿ ಪರೀಕ್ಷೆಯನ್ನೂ ಸೇರಿಸಿಕೊಂಡಿದ್ದೇವೆ. ರಿಪೋರ್ಟು ಕೈಗೆ ಬಂದ ದಿನ ಸಂಘದ ಜಗುಲಿಯಲ್ಲಿ ಬೇರೆ ಮಾತೇ ಇರುವುದಿಲ್ಲ. 62 ವರ್ಷದ ಸದಸ್ಯರೊಬ್ಬರ ಕ್ರಿಯಾಟಿನಿನ್ 1.6 ಎಂದು ಬಂದು, ಅದರ ಕೆಳಗೆ ‘ಸ್ಟೇಜ್ 3ಎ’ ಎಂದು ಅಚ್ಚಾಗಿತ್ತು. ಮನೆಯವರು ಅದನ್ನು ಕ್ಯಾನ್ಸರಿನ ಮೂರನೆಯ ಹಂತವೆಂದೇ ತಿಳಿದು ಅಂದು ರಾತ್ರಿ ಒಲೆ ಹಚ್ಚಲಿಲ್ಲ.

ಆದ್ದರಿಂದ ರಿಪೋರ್ಟಿನಲ್ಲಿ ಬರುವ ಪದಗಳಿಗೆ ಎರಡು ಪುಟದ ವಿವರಣೆ ಬರೆದು ಸಂಘದ ಗೋಡೆಗೆ ಹಾಕಬೇಕೆಂದಿದ್ದೇನೆ. ಮೊದಲಿಗೆ, ಸದಸ್ಯರು ಈ ಪದಗಳನ್ನು ಹೇಗೆ ಅರ್ಥ ಮಾಡಿಕೊಂಡಿದ್ದಾರೋ ಹಾಗೆಯೇ ಬರೆದುಕೊಂಡಿದ್ದೇನೆ. ತಿಳಿದವರು ಮುಲಾಜಿಲ್ಲದೆ ತಿದ್ದಬೇಕು.

ಕ್ರಿಯಾಟಿನಿನ್: ರಕ್ತದಲ್ಲಿ ಸೇರುವ ವಿಷ. 1.2 ದಾಟಿದರೆ ಕಿಡ್ನಿ ಕೆಟ್ಟಿದೆ.
ಇಜಿಎಫ್‌ಆರ್: ಕಿಡ್ನಿ ಶೇಕಡಾ ಎಷ್ಟು ಉಳಿದಿದೆ ಎಂಬ ಲೆಕ್ಕ.
ಸಿಕೆಡಿ: ಕಿಡ್ನಿ ವೈಫಲ್ಯ.
ಅಕ್ಯೂಟ್ ಎಂದರೆ ಜೋರಾದದ್ದು, ಕ್ರಾನಿಕ್ ಎಂದರೆ ವಾಸಿಯಾಗದ್ದು.
ಡಯಾಲಿಸಿಸ್: ಒಮ್ಮೆ ಹಿಡಿದರೆ ಸಾಯುವವರೆಗೆ ಬಿಡದ ಚಿಕಿತ್ಸೆ.

ಹಾಸನದ ಲ್ಯಾಬ್ ಟೆಕ್ನಿಷಿಯನ್

ಮೇಷ್ಟ್ರೇ, ಮೊದಲನೆಯದರಿಂದಲೇ ಆರಂಭಿಸುತ್ತೇನೆ. ನಾನು ದಿನವಿಡೀ ಕ್ರಿಯಾಟಿನಿನ್ ಅಳೆಯುವ ಯಂತ್ರದ ಮುಂದೆ ಕುಳಿತಿರುವವನು. ಅದನ್ನು ವಿಷವೆಂದು ಕರೆಯುವುದಕ್ಕೆ ನನ್ನ ಬಲವಾದ ಆಕ್ಷೇಪವಿದೆ. ನಮ್ಮ ಸ್ನಾಯುಗಳಲ್ಲಿ ಪ್ರತಿದಿನ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಹುಟ್ಟಿ, ರಕ್ತಕ್ಕೆ ಬಂದು, ಕಿಡ್ನಿಯ ಮೂಲಕ ಮೂತ್ರಕ್ಕೆ ಹೋಗುವ ತ್ಯಾಜ್ಯ ಅದು. ಅದರಿಂದ ದೇಹಕ್ಕೆ ಆಗುವ ಹಾನಿಗಾಗಿ ಯಾರೂ ಅದನ್ನು ಅಳೆಯುವುದಿಲ್ಲ. ಹುಟ್ಟುವುದು ಒಂದೇ ಸಮನಾಗಿರುವುದರಿಂದ, ರಕ್ತದಲ್ಲಿ ಅದರ ಮಟ್ಟ ಏರಿದರೆ ಹೊರಹೋಗುವ ದಾರಿ ನಿಧಾನವಾಗಿದೆ ಎಂದು ಊಹಿಸಬಹುದು. ಅಷ್ಟಕ್ಕಾಗಿ ಮಾತ್ರ ಅಳೆಯುತ್ತೇವೆ. ‘ವಿಷ’ ಎಂದು ಬರೆದರೆ ಆ ವಿಷ ಇಳಿಸುವ ಕಷಾಯ ಮಾರುವವರು ಮರುದಿನವೇ ನಿಮ್ಮ ಜಗುಲಿಗೆ ಬರುತ್ತಾರೆ.

1.2 ಎಂಬ ಗೆರೆಯನ್ನೂ ಅಳಿಸಿಬಿಡಿ. ನಿಮ್ಮ ಸದಸ್ಯರ 1.6ನ್ನೇ ತೆಗೆದುಕೊಳ್ಳೋಣ. 2021ರಲ್ಲಿ ಪರಿಷ್ಕರಿಸಿದ ಸಿಕೆಡಿ-ಎಪಿ ಸೂತ್ರದಲ್ಲಿ ವಯಸ್ಸು ಮತ್ತು ಲಿಂಗವನ್ನು ಸೇರಿಸಿ ಲೆಕ್ಕ ಹಾಕಿದರೆ, 25 ವರ್ಷದ ಯುವಕನಿಗೆ 1.6 ಇದ್ದಾಗ ಇಜಿಎಫ್‌ಆರ್ ಸುಮಾರು 61 ಬರುತ್ತದೆ. 62 ವರ್ಷದ ಗಂಡಸಿಗೆ ಸುಮಾರು 48. ಅದೇ ವಯಸ್ಸಿನ ಹೆಂಗಸಿಗೆ ಸುಮಾರು 36. ರಕ್ತದಲ್ಲಿರುವ ಸಂಖ್ಯೆ ಒಂದೇ, ಅರ್ಥ ಮೂರು. ಅದರ ಉಲ್ಟಾ ಇನ್ನೂ ಅಪಾಯಕಾರಿ: 70 ವರ್ಷದ ಅಜ್ಜಿಯ ಕ್ರಿಯಾಟಿನಿನ್ 1.2 ಎಂದು ಬಂದರೆ, ಗಂಡಸರಿಗೂ ಹೆಂಗಸರಿಗೂ ಒಂದೇ ವ್ಯಾಪ್ತಿ ಅಚ್ಚು ಮಾಡುವ ಲ್ಯಾಬುಗಳಲ್ಲಿ ಅದು ‘ನಾರ್ಮಲ್’ ಸಾಲಿನಲ್ಲೇ ಕೂರುತ್ತದೆ. ಲೆಕ್ಕ ಹಾಕಿದರೆ ಆಕೆಯ ಇಜಿಎಫ್‌ಆರ್ 49ರ ಹತ್ತಿರ ಇರುತ್ತದೆ. ಸ್ನಾಯು ಸೊರಗಿದ ವೃದ್ಧರಲ್ಲಿ ಕ್ರಿಯಾಟಿನಿನ್ ಹುಟ್ಟುವುದೇ ಕಡಿಮೆಯಾದ್ದರಿಂದ ಸಂಖ್ಯೆ ನೋಡಲು ಚೆನ್ನಾಗಿಯೇ ಕಾಣುತ್ತದೆ. ಇತ್ತ ಜಿಮ್ಮಿನಲ್ಲಿ ಮೈ ಬೆಳೆಸಿದ, ಕ್ರಿಯಾಟಿನ್ ಪುಡಿ ಕುಡಿಯುವ ಹುಡುಗನಲ್ಲಿ ಕಿಡ್ನಿ ಸರಿಯಾಗಿದ್ದರೂ ಏರಿರಬಹುದು. ಹಿಂದಿನ ರಾತ್ರಿ ಭರ್ಜರಿ ಮಾಂಸದೂಟ ಮಾಡಿ ಬೆಳಿಗ್ಗೆ ರಕ್ತ ಕೊಟ್ಟರೂ ಸ್ವಲ್ಪ ಏರುತ್ತದೆ. ಹಬ್ಬದ ಮರುದಿನ ತಪಾಸಣೆ ಇಟ್ಟುಕೊಳ್ಳಬೇಡಿ.

ಲೀಡ್ಸ್‌ನಿಂದ ಕನ್ನಡಿಗ

ಇದಕ್ಕೆ ಒಂದು ಸಾಲು ಸೇರಿಸಬಹುದೇ? ನಾವು ಇಂಗ್ಲೆಂಡಿನಲ್ಲಿರುವವರು. ಅಪ್ಪ ಇಲ್ಲಿಗೆ ಬಂದಿದ್ದಾಗ ಮಾಡಿಸಿದ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ 141 ಎಂದು ಬಂತು. ಊರಿನಲ್ಲಿ 1.6 ಎಂದು ಕೇಳಿ ಅಭ್ಯಾಸವಾಗಿದ್ದ ಅವರು 141 ನೋಡಿ ಕುರ್ಚಿಯಿಂದ ಏಳಲೇ ಇಲ್ಲ. ಇಲ್ಲಿ ಲೀಟರಿಗೆ ಮೈಕ್ರೋಮೋಲ್ ಲೆಕ್ಕ, ಅಲ್ಲಿ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕ. 1.6ನ್ನು 88.4ರಿಂದ ಗುಣಿಸಿದರೆ 141 ಬರುತ್ತದೆ, ಅಂದರೆ ಏನೂ ಬದಲಾಗಿರಲಿಲ್ಲ. ಮಕ್ಕಳು ಹೊರದೇಶದಲ್ಲಿರುವ ಹಿರಿಯರು ನಿಮ್ಮ ಸಂಘದಲ್ಲೂ ಇರಬಹುದು. ಸಂಖ್ಯೆಯ ಪಕ್ಕದ ಅಳತೆಯ ಮಾನವನ್ನೂ ಓದಬೇಕೆಂದು ದಯವಿಟ್ಟು ಬರೆಯಿರಿ.

ಹುಬ್ಬಳ್ಳಿಯ ವೈದ್ಯ (ನಿವೃತ್ತ)

ಟೆಕ್ನಿಷಿಯನ್ ಅವರು ನನ್ನ ಅರ್ಧ ಕೆಲಸ ಮಾಡಿದ್ದಾರೆ. ಉಳಿದದ್ದನ್ನು ಹೇಳುತ್ತೇನೆ.

ಇಜಿಎಫ್‌ಆರ್‌ನಲ್ಲಿ ಮೊದಲ ಅಕ್ಷರವಾದ ‘ಇ’, ಅಂದರೆ ‘ಎಸ್ಟಿಮೇಟೆಡ್’, ಅದು ಅಂದಾಜು ಎಂದು ಸಾರುತ್ತದೆ. ಎರಡೂ ಕಿಡ್ನಿಗಳು ಸೇರಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ರಕ್ತದ್ರವವನ್ನು ಸೋಸುತ್ತಿವೆ ಎಂಬ ಅಂದಾಜು ಅದು. ಹೋಲಿಕೆಗೆ ಅನುಕೂಲವಾಗಲೆಂದು 1.73 ಚದರ ಮೀಟರ್ ಮೈ ವಿಸ್ತಾರಕ್ಕೆ ಹೊಂದಿಸಿ ಹೇಳುತ್ತಾರೆ. ಆರೋಗ್ಯವಂತ ತರುಣರಲ್ಲಿ ಈ ಸಂಖ್ಯೆ ನೂರರ ಆಸುಪಾಸಿನಲ್ಲಿರುವುದರಿಂದ ‘ಶೇಕಡಾ’ ಎಂದು ಹೇಳುವ ರೂಢಿ ಬಂದಿದೆ. ನಾನೂ ಹೊರರೋಗಿ ವಿಭಾಗದ ಗಡಿಬಿಡಿಯಲ್ಲಿ ಹಾಗೆ ಹೇಳುತ್ತಿದ್ದೆ, ಹೇಳಿದ್ದರಲ್ಲಿ ದೊಡ್ಡ ಅಪರಾಧವೇನೂ ಇಲ್ಲ. ಆದರೆ ಗೋಡೆಯ ಮೇಲೆ ಬರೆಯುವಾಗ ‘ಶೇಕಡಾ ಎಷ್ಟು ಉಳಿದಿದೆ’ ಎಂದು ಬರೆದರೆ, 48 ಬಂದವರು ಒಂದು ಕಿಡ್ನಿಯನ್ನೇ ಕಳೆದುಕೊಂಡಂತೆ ಚಿಂತೆಗೆ ಬೀಳುತ್ತಾರೆ. ನಲವತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು 1ರಂತೆ ಇದು ಇಳಿಯುವುದು ಅನೇಕರಲ್ಲಿ ವಯಸ್ಸಿನ ಸಹಜ ನಡೆ. ಎಪ್ಪತ್ತೈದರ ಹರೆಯದವರಿಗೆ 70 ಬಂದು, ಮೂತ್ರ ಪರೀಕ್ಷೆ ಶುದ್ಧವಾಗಿದ್ದರೆ, ಅವರನ್ನು ಕಿಡ್ನಿ ರೋಗಿ ಎಂದು ಕರೆಯುವುದು ಸಲ್ಲದು.

ಈಗ ಸಿಕೆಡಿ, ಅಂದರೆ ಕ್ರಾನಿಕ್ ಕಿಡ್ನಿ ಡಿಸೀಸ್, ದೀರ್ಘಕಾಲದ ಕಿಡ್ನಿ ಕಾಯಿಲೆ. ಇದರ ವಿವರಣೆಯಲ್ಲಿ ಕಾಲದ ಮಾತು ಇರಲೇಬೇಕು: ಇಜಿಎಫ್‌ಆರ್ 60ಕ್ಕಿಂತ ಕೆಳಗಿರುವುದಾಗಲಿ, ಅಥವಾ ಮೂತ್ರದಲ್ಲಿ ಆಲ್ಬುಮಿನ್ ಹೋಗುವುದು, ರಚನೆಯಲ್ಲಿ ದೋಷವಿರುವುದು ಮುಂತಾದ ಹಾನಿಯ ಗುರುತಾಗಲಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿದರೆ ಮಾತ್ರ ಆ ಹೆಸರು. ನಿಮ್ಮ 1.6ರ ಸದಸ್ಯರಿಗೆ ಹಿಂದಿನ ಯಾವ ರಿಪೋರ್ಟೂ ಇಲ್ಲದಿದ್ದರೆ, ಅಂದು ಲ್ಯಾಬಿನ ಕಂಪ್ಯೂಟರು ತಾನಾಗಿ ಅಚ್ಚು ಮಾಡಿದ ‘ಸ್ಟೇಜ್ 3ಎ’ ಎಂಬುದು ರೋಗನಿರ್ಣಯ ಆಗುವುದೇ ಇಲ್ಲ. ವೈದ್ಯರನ್ನು ಕಂಡು, ಅವರು ಹೇಳಿದ ಅಂತರದಲ್ಲಿ ಮರುಪರೀಕ್ಷೆ ಮಾಡಿಸಬೇಕು.

ಹಂತಗಳೆಂದರೆ ಇಷ್ಟು: 90 ಮತ್ತು ಮೇಲೆ ಒಂದು, 60ರಿಂದ 89 ಎರಡು, 45ರಿಂದ 59 ಮೂರು-ಎ, 30ರಿಂದ 44 ಮೂರು-ಬಿ, 15ರಿಂದ 29 ನಾಲ್ಕು, 15ಕ್ಕಿಂತ ಕೆಳಗೆ ಐದು. ಮೊದಲ ಎರಡು ಹಂತಗಳನ್ನು ರೋಗವೆನ್ನಬೇಕಾದರೆ ಹಾನಿಯ ಬೇರೆ ಗುರುತು ಇರಲೇಬೇಕು. ಕ್ಯಾನ್ಸರಿನಲ್ಲಿ ಹಂತ ಎಂಬುದು ಗೆಡ್ಡೆ ಎಷ್ಟು ದೂರ ಹರಡಿದೆ ಎಂದು ಹೇಳುತ್ತದೆ. ಇಲ್ಲಿ ಸೋಸುವ ವೇಗ ಎಷ್ಟಿದೆ ಎಂದಷ್ಟೇ. ಮೂರು-ಎ ಹಂತದ ಬಹುಪಾಲು ಜನ ಡಯಾಲಿಸಿಸ್ ಕಾಣದೆಯೇ ಬದುಕು ಮುಗಿಸುತ್ತಾರೆ. ಅವರಿಗೆ ಹೆಚ್ಚಿನ ಅಪಾಯವಿರುವುದು ಹೃದಯ ಮತ್ತು ರಕ್ತನಾಳಗಳ ಕಡೆಯಿಂದ. ಕಿಡ್ನಿ ರಿಪೋರ್ಟು ನೋಡಿದ ವೈದ್ಯರು ಬಿಪಿ, ಕೊಲೆಸ್ಟರಾಲ್, ಬೀಡಿ ಸಿಗರೇಟುಗಳ ಬಗ್ಗೆ ಕೇಳುವುದು ಇದೇ ಕಾರಣಕ್ಕೆ.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ಇರಲೇಬೇಕಾದ ಪದ ಎಸಿಆರ್. ಬೆಳಗಿನ ಮೂತ್ರದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನು ಕ್ರಿಯಾಟಿನಿನ್‌ಗೆ ಹೋಲಿಸಿದರೆ ಎಷ್ಟಿದೆ ಎಂಬ ಲೆಕ್ಕ ಅದು. ಗ್ರಾಂಗೆ 30 ಮಿಲಿಗ್ರಾಂಗಿಂತ ಕಡಿಮೆ ಇರಬೇಕು. 30ರಿಂದ 300 ಎಚ್ಚರಿಕೆಯ ವಲಯ. 300 ದಾಟಿದರೆ ಹಾನಿ ಗಣನೀಯ. ಜ್ವರ, ಮೂತ್ರದ ಸೋಂಕು, ಹಿಂದಿನ ದಿನದ ಭಾರಿ ಶ್ರಮ, ಇವುಗಳಿಂದಲೂ ತಾತ್ಕಾಲಿಕವಾಗಿ ಏರುವುದರಿಂದ ಮತ್ತೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳಬೇಕು. ಸಕ್ಕರೆ ಕಾಯಿಲೆಯಿಂದ ಕಿಡ್ನಿಗೆ ಪೆಟ್ಟು ಬೀಳುವಾಗ ಹೆಚ್ಚಿನವರಲ್ಲಿ ಕ್ರಿಯಾಟಿನಿನ್ ಏರುವುದಕ್ಕೆ ವರ್ಷಗಳ ಮೊದಲೇ ಇದು ಸುಳಿವು ಕೊಡುತ್ತದೆ. ಟೈಪ್ 2 ಸಕ್ಕರೆ ಕಾಯಿಲೆ ಇರುವವರು ವರ್ಷಕ್ಕೊಮ್ಮೆ ಮಾಡಿಸಬೇಕಾದ ಪರೀಕ್ಷೆ ಇದು. ಆದರೂ ಕ್ರಿಯಾಟಿನಿನ್ ಹೆಸರು ಗೊತ್ತಿರುವವರಲ್ಲಿ ಎಷ್ಟೋ ಜನ ಇದರ ಹೆಸರನ್ನೇ ಕೇಳಿರುವುದಿಲ್ಲ. ಸಂಘದ ಶಿಬಿರಕ್ಕೆ ಒಂದೇ ಒಂದು ಪರೀಕ್ಷೆ ಸೇರಿಸುವಷ್ಟು ಹಣವಿದ್ದರೆ, ಇದನ್ನೇ ಸೇರಿಸಿ.

ಶಿರಸಿಯ ಗೃಹಿಣಿ

ಡಾಕ್ಟರ್ ಸರ್, ನಮ್ಮ ಅತ್ತೆಯ ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ ‘ಗ್ರೇಡ್ 1 ರೀನಲ್ ಪ್ಯಾರೆಂಕೈಮಲ್ ಚೇಂಜಸ್’ ಎಂದೂ, ಎಡಗಡೆ ‘ಸಿಂಪಲ್ ಕಾರ್ಟಿಕಲ್ ಸಿಸ್ಟ್’ ಎಂದೂ ಬರೆದಿದ್ದಾರೆ. ಗ್ರೇಡ್ 1 ಎಂದರೆ ನೀವು ಹೇಳಿದ ಮೊದಲನೆಯ ಹಂತವೇ? ಸಿಸ್ಟ್ ಎಂದರೆ ಗೆಡ್ಡೆ, ಆಪರೇಷನ್ ಮಾಡಿಸಬೇಕು ಎಂದು ನೆಂಟರೆಲ್ಲ ಹೇಳುತ್ತಿದ್ದಾರೆ. ಅತ್ತೆಯ ವಯಸ್ಸು 66, ಕ್ರಿಯಾಟಿನಿನ್ 0.8.

ಹುಬ್ಬಳ್ಳಿಯ ವೈದ್ಯ (ನಿವೃತ್ತ)

ತಾಯೀ, ಎರಡೂ ಬೇರೆ ಬೇರೆ. ಹಂತ ಎಂಬುದು ರಕ್ತ ಪರೀಕ್ಷೆಯಿಂದ ಹುಟ್ಟಿದ ಲೆಕ್ಕ. ಸ್ಕ್ಯಾನಿಂಗಿನ ಗ್ರೇಡ್ ಎಂಬುದು ಪರದೆಯ ಮೇಲೆ ಕಿಡ್ನಿಯ ಹೊರಪದರ ಪಕ್ಕದ ಯಕೃತ್ತಿಗೆ ಹೋಲಿಸಿದರೆ ಎಷ್ಟು ಬೆಳ್ಳಗೆ ಕಾಣುತ್ತದೆ ಎಂದು ನೋಡಿದವರು ಕಣ್ಣಳತೆಯಿಂದ ಕೊಟ್ಟ ಅಂದಾಜು. ಯಂತ್ರ, ರೋಗಿಯ ಮೈಕಟ್ಟು, ಯಕೃತ್ತಿನ ಕೊಬ್ಬು, ನೋಡುವವರ ಕಣ್ಣು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಸಿಂಪಲ್ ಸಿಸ್ಟ್ ಎಂದರೆ ತೆಳುಗೋಡೆಯ ನೀರುಚೀಲ. ಐವತ್ತು ದಾಟಿದವರಲ್ಲಿ ಬಹಳ ಸಾಮಾನ್ಯ, ನೋವೋ ಅಡಚಣೆಯೋ ಇಲ್ಲದಿದ್ದರೆ ಮುಟ್ಟುವುದೂ ಇಲ್ಲ. ‘ಕಾಂಪ್ಲೆಕ್ಸ್’ ಎಂದು ಬರೆದಿದ್ದರೆ ಆಗ ಮುಂದಿನ ಪರೀಕ್ಷೆ ಬೇಕಾಗುತ್ತಿತ್ತು. 0.8 ಕ್ರಿಯಾಟಿನಿನ್ ಜೊತೆಗೆ ಎಸಿಆರ್ ಕೂಡ ಮಾಡಿಸಿ, ಎರಡನ್ನೂ ನಿಮ್ಮ ವೈದ್ಯರಿಗೆ ತೋರಿಸಿ. ನೆಂಟರಿಗೆ ಊಟ ಹಾಕಿ ಕಳುಹಿಸಿ.

ಮಂಗಳೂರಿನ ಡಯಾಲಿಸಿಸ್ ನರ್ಸ್

ಅಕ್ಯೂಟ್ ಮತ್ತು ಡಯಾಲಿಸಿಸ್ ಇವೆರಡರ ವಿವರಣೆ ನನ್ನ ಕಡೆಯಿಂದ.

ಅಕ್ಯೂಟ್ ಎಂದರೆ ಗಂಟೆಗಳಲ್ಲಿ ಅಥವಾ ದಿನಗಳಲ್ಲಿ ಆದದ್ದು. ಕ್ರಿಯಾಟಿನಿನ್ 48 ಗಂಟೆಯೊಳಗೆ 0.3ರಷ್ಟು ಏರುವುದು, ಇಲ್ಲವೇ 7 ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟಾಗುವುದು, ಇಲ್ಲವೇ ಮೂತ್ರದ ಪ್ರಮಾಣ ತೀರಾ ಕುಗ್ಗುವುದು, ಇದನ್ನು ಎಕೆಐ (ಅಕ್ಯೂಟ್ ಕಿಡ್ನಿ ಇಂಜುರಿ, ಅಂದರೆ ಕಿಡ್ನಿಗೆ ಹಠಾತ್ತಾಗಿ ಬಿದ್ದ ಪೆಟ್ಟು) ಎನ್ನುತ್ತಾರೆ. ಸಣ್ಣ ಏರಿಕೆಯೂ ಅಕ್ಯೂಟ್ ಆಗಬಹುದು, ಡಯಾಲಿಸಿಸ್ ಬೇಕಾಗುವಷ್ಟು ದೊಡ್ಡದೂ ಆಗಬಹುದು. ಆದ್ದರಿಂದ ‘ಜೋರಾದದ್ದು’ ಎಂಬ ಅರ್ಥ ತಪ್ಪು ದಾರಿ ಹಿಡಿಸುತ್ತದೆ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಇಲಿಜ್ವರದವರು ಬರುತ್ತಾರೆ. ಗದ್ದೆಯ ನೀರಿನಲ್ಲಿ, ತೋಟದ ಕೆಸರಿನಲ್ಲಿ ಕೆಲಸ ಮಾಡಿದವರು. ಕಣ್ಣು ಕೆಂಪು ಹಳದಿ, ಮೀನಖಂಡ ಮುಟ್ಟಿದರೆ ಕಿರುಚುವಷ್ಟು ನೋವು, ಮೂತ್ರವಿಲ್ಲ. ಕೊಳಕುಮಂಡಲ ಹಾವು ಕಚ್ಚಿದವರಲ್ಲೂ ಕಿಡ್ನಿ ಹೀಗೆ ಕೈಕೊಡುವುದುಂಟು. ಅಂಥವರಲ್ಲಿ ಅನೇಕರಿಗೆ ಕುತ್ತಿಗೆಯ ರಕ್ತನಾಳಕ್ಕೆ ನಳಿಕೆ ಹಾಕಿ ಕೆಲವು ಬಾರಿ ಡಯಾಲಿಸಿಸ್ ಮಾಡುತ್ತೇವೆ, ಮೂತ್ರ ಬರಲು ಆರಂಭವಾದ ಮೇಲೆ ನಳಿಕೆ ತೆಗೆದು ಮನೆಗೆ ಕಳುಹಿಸುತ್ತೇವೆ. ‘ಒಮ್ಮೆ ಹಿಡಿದರೆ ಬಿಡದು’ ಎಂಬ ನಂಬಿಕೆಯಿಂದ ಮನೆಯವರು ಸಹಿ ಹಾಕಲು ಒಪ್ಪದೆ ಕಾಲ ಕಳೆಯುವುದನ್ನು ಕಂಡಿದ್ದೇನೆ, ಆದ್ದರಿಂದ ನಿಮ್ಮ ಪಟ್ಟಿಯ ಕೊನೆಯ ಸಾಲನ್ನು ಮೊದಲು ಹೊಡೆದುಹಾಕಿ. ಡಯಾಲಿಸಿಸ್ ಕಿಡ್ನಿಯನ್ನು ಅಭ್ಯಾಸಕ್ಕೆ ಬೀಳಿಸುವುದಿಲ್ಲ. ಐದನೆಯ ಹಂತದವರಿಗೆ ಅದನ್ನು ಬಿಡಲಾಗದಿರುವುದಕ್ಕೆ ಕಾರಣ, ಕಿಡ್ನಿ ಮರಳಿ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿ ಇಲ್ಲದಿರುವುದು.

‘ಫಿಸ್ಟುಲಾ’ ಎಂಬ ಪದವನ್ನೂ ಸೇರಿಸಿ. ಮಣಿಕಟ್ಟಿನಲ್ಲೋ ಮೊಣಕೈ ಬಳಿಯೋ ಅಪಧಮನಿಯನ್ನೂ ಅಭಿಧಮನಿಯನ್ನೂ ಸಣ್ಣ ಶಸ್ತ್ರಕ್ರಿಯೆಯಿಂದ ಜೋಡಿಸುತ್ತಾರೆ. ಜೋರಾದ ರಕ್ತ ನುಗ್ಗಿ ಅಭಿಧಮನಿ ಉಬ್ಬಿ, ಗೋಡೆ ಗಟ್ಟಿಯಾಗಿ, ದಪ್ಪ ಸೂಜಿ ತಡೆಯುವಂತಾಗಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಅದಕ್ಕೇ ಡಯಾಲಿಸಿಸ್‌ಗೆ ಬಹಳ ಮೊದಲೇ ಮಾಡಿಸಿಕೊಳ್ಳಿ ಎನ್ನುವುದು. ಅದರ ಮೇಲೆ ಬೆರಳಿಟ್ಟರೆ ಚರ್ಮದಡಿಯಲ್ಲಿ ಜುಮ್ಮೆನ್ನುವ ಕಂಪನ ತಿಳಿಯಬೇಕು. ಬೆಳಿಗ್ಗೆ ಎದ್ದ ಕೂಡಲೇ ಮುಟ್ಟಿ ನೋಡಿಕೊಳ್ಳುವುದು ರೋಗಿಯ ಕೆಲಸ. ಕಂಪನ ನಿಂತಿದ್ದರೆ ಅದೇ ದಿನ ಆಸ್ಪತ್ರೆಗೆ ಬರಬೇಕು. ಆ ಕೈಯಲ್ಲಿ ಬಿಪಿ ನೋಡಬಾರದು, ರಕ್ತ ತೆಗೆಯಬಾರದು, ಬಿಗಿ ಬಳೆ ಗಡಿಯಾರ ಬೇಡ, ಅದರ ಮೇಲೆ ತಲೆಯಿಟ್ಟು ಮಲಗಬಾರದು. ನಾಲ್ಕನೆಯ ಹಂತದಲ್ಲಿರುವವರು ಎಡಗೈ ಅಥವಾ ಬಲಗೈ, ಯಾವುದನ್ನು ಹೆಚ್ಚು ಬಳಸುವುದಿಲ್ಲವೋ ಅದರ ರಕ್ತನಾಳಗಳನ್ನು ಈಗಿನಿಂದಲೇ ಸೂಜಿಯಿಂದ ಉಳಿಸಿಕೊಳ್ಳಬೇಕು.

ಬಳ್ಳಾರಿಯ ಓದುಗ

ವಿವರಣೆಗಳು ಚೆನ್ನಾಗಿವೆ, ಆದರೆ ಇಷ್ಟು ಉದ್ದ ಬರೆದರೆ ಹಿರಿಯರು ಓದುತ್ತಾರೆಯೇ? ಹಸಿರು, ಹಳದಿ, ಕೆಂಪು ಎಂದು ಬಣ್ಣ ಹಚ್ಚಿ ಸಂಖ್ಯೆ ಬರೆದರೆ ಸಾಕಲ್ಲವೇ? ಇನ್ನೊಂದು ಮಾತು: ‘ವೈಫಲ್ಯ’ ಎಂಬ ಪದವೇ ಗೋಡೆಯ ಮೇಲೆ ಬೇಡ. ಅದನ್ನು ಓದಿದರೇ ಜನ ಅರ್ಧ ಸಾಯುತ್ತಾರೆ.

ಹಾಸನದ ಲ್ಯಾಬ್ ಟೆಕ್ನಿಷಿಯನ್

ಇಜಿಎಫ್‌ಆರ್‌ಗೆ ಬಣ್ಣ ಹಚ್ಚಿ, ಅಡ್ಡಿಯಿಲ್ಲ. ಕ್ರಿಯಾಟಿನಿನ್‌ಗೆ ಹಚ್ಚಿದರೆ ಮೇಲೆ ಹೇಳಿದ 70 ವರ್ಷದ ಅಜ್ಜಿ ಹಸಿರಿನಲ್ಲಿ ನಿಂತು ಮನೆಗೆ ಹೋಗಿಬಿಡುತ್ತಾರೆ.

ಮೈಸೂರಿನ ಮಗಳು

ಬಳ್ಳಾರಿಯವರ ಎರಡನೆಯ ಮಾತಿಗೆ ನನ್ನ ಸಮ್ಮತಿ ಇಲ್ಲ. ನಮ್ಮ ತಂದೆಯವರಿಗೆ ನಾಲ್ಕನೆಯ ಹಂತ ಎಂದು ಚೀಟಿಯಲ್ಲಿ ಬರೆದಿದ್ದರೂ, ‘ಕಿಡ್ನಿ ಸ್ವಲ್ಪ ವೀಕ್ ಇದೆ’ ಎಂದಷ್ಟೇ ಬಾಯಲ್ಲಿ ಹೇಳಿ ಕಳುಹಿಸುತ್ತಿದ್ದರು. ಆಸ್ಪತ್ರೆಯ ಹೆಸರು ಇಲ್ಲಿ ಬೇಡ. ವೀಕ್ ಎಂದ ಮೇಲೆ ಟಾನಿಕ್ ಕುಡಿದರೆ ಸರಿಹೋಗುತ್ತದೆ ಎಂದು ಅವರು ತಿಳಿದರು. ಫಿಸ್ಟುಲಾ ಮಾಡಿಸಿಕೊಳ್ಳಲು ಸಮಯವಿತ್ತು, ಕಸಿಯ ಬಗ್ಗೆ ಮನೆಯಲ್ಲಿ ಮಾತಾಡಲು, ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ಅಂಗಾಂಗಕ್ಕಾಗಿ ಹೆಸರು ನೋಂದಾಯಿಸುವ ವಿಧಾನ ತಿಳಿದುಕೊಳ್ಳಲು ಸಮಯವಿತ್ತು. ಆ ಸಮಯವನ್ನು ಒಂದು ಮೆತ್ತನೆಯ ಪದ ನುಂಗಿಹಾಕಿತು. ಮೂರನೆಯ ಹಂತವನ್ನು ವೈಫಲ್ಯ ಎನ್ನುವುದು ತಪ್ಪು, ಒಪ್ಪುತ್ತೇನೆ. ಐದನೆಯದನ್ನು ಹಾಗೆನ್ನದಿರುವುದೂ ಅಷ್ಟೇ ತಪ್ಪು.

ಬಳ್ಳಾರಿಯ ಓದುಗ

ನಿಮ್ಮ ಸಂಕಟ ಅರ್ಥವಾಗುತ್ತದೆ, ಮೇಡಂ. ವೈದ್ಯರು ಎದುರು ಕೂರಿಸಿಕೊಂಡು ಹೇಳಬೇಕಾದದ್ದನ್ನು ಗೋಡೆಯ ಮೇಲೆ ಓದಿ ತಿಳಿಯುವಂತಾಗಬಾರದು ಎಂಬ ನನ್ನ ಅಭಿಪ್ರಾಯ ಮಾತ್ರ ಹಾಗೆಯೇ ಇದೆ.

ದಾವಣಗೆರೆಯ ಔಷಧಿ ಅಂಗಡಿ

‘ನೋವಿನ ಮಾತ್ರೆ’ ಎಂಬುದಕ್ಕೂ ವಿವರಣೆ ಬೇಕು. ವೈದ್ಯರು ಕೇಳಿದಾಗ ‘ಇಲ್ಲ’ ಎನ್ನುವವರೇ ನಮ್ಮ ಅಂಗಡಿಯಲ್ಲಿ ಮಂಡಿ ನೋವಿಗೆ ಡೈಕ್ಲೋಫೆನಾಕ್, ಅಸೆಕ್ಲೋಫೆನಾಕ್, ಐಬುಪ್ರೊಫೆನ್ ಬಿಡಿ ಬಿಡಿಯಾಗಿ ಒಯ್ಯುತ್ತಾರೆ. ಕಿಡ್ನಿಗೆ ಹೋಗುವ ರಕ್ತವನ್ನು ಕುಗ್ಗಿಸುವುದು ಈ ಗುಂಪು. ಪ್ಯಾರಾಸಿಟಮಾಲ್ ಇದಕ್ಕೆ ಸೇರಿದ್ದಲ್ಲ. ಬಿಪಿಯ ಟೆಲ್ಮಿಸಾರ್ಟನ್ ಅಥವಾ ರ‍್ಯಾಮಿಪ್ರಿಲ್, ಮೂತ್ರ ಇಳಿಸುವ ಮಾತ್ರೆ, ಇವುಗಳ ಜೊತೆಗೆ ನೋವಿನ ಮಾತ್ರೆಯೂ ಸೇರಿ, ಮೇಲೆ ವಾಂತಿ ಭೇದಿ ಹತ್ತಿದರೆ ಆರೋಗ್ಯವಾಗಿದ್ದವರ ಕಿಡ್ನಿಯೂ ಕುಸಿಯಬಹುದು.

ಇದರ ಜೊತೆಗೇ ವಿರುದ್ಧ ದಿಕ್ಕಿನ ಎಚ್ಚರವೂ ಇರಲಿ. ಟೆಲ್ಮಿಸಾರ್ಟನ್ ಆರಂಭಿಸಿದ ಮೊದಲ ವಾರಗಳಲ್ಲಿ ಕ್ರಿಯಾಟಿನಿನ್ ಸ್ವಲ್ಪ ಏರುವುದು ನಿರೀಕ್ಷಿತ. ಶೇಕಡಾ 30ರವರೆಗಿನ ಏರಿಕೆಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸುವುದಿಲ್ಲ, ಏಕೆಂದರೆ ಮೂತ್ರದಲ್ಲಿ ಪ್ರೋಟೀನು ಹೋಗುವವರಲ್ಲಿ ವರ್ಷಗಳ ಮಟ್ಟಿಗೆ ಕಿಡ್ನಿಯನ್ನು ಕಾಯುವುದು ಅದೇ ಮಾತ್ರೆ. ರಿಪೋರ್ಟು ನೋಡಿ ಗಾಬರಿಯಾಗಿ ತಾವೇ ನಿಲ್ಲಿಸಿಬಿಡುವವರು ಬಹಳ.

ತಿಪಟೂರಿನ ಮೇಷ್ಟ್ರು

ಎಲ್ಲರಿಗೂ ಕೃತಜ್ಞತೆಗಳು. ಕ್ರಿಯಾಟಿನಿನ್ ಸಾಲನ್ನು ಹೀಗೆ ಬದಲಿಸಿದ್ದೇನೆ: ‘ಸ್ನಾಯುಗಳಲ್ಲಿ ದಿನವೂ ಹುಟ್ಟಿ ಕಿಡ್ನಿಯ ಮೂಲಕ ಹೊರಹೋಗುವ ತ್ಯಾಜ್ಯ. ಇದನ್ನು ವಯಸ್ಸು, ಲಿಂಗ, ಮೈಕಟ್ಟು ಮತ್ತು ಹಿಂದಿನ ರಿಪೋರ್ಟಿನ ಜೊತೆಗಿಟ್ಟು ಓದಬೇಕು. ಇದೊಂದೇ ಸಂಖ್ಯೆಯಿಂದ ರೋಗವಿದೆ ಎಂದೂ ಹೇಳಲಾಗದು, ಇಲ್ಲವೆಂದೂ ಹೇಳಲಾಗದು.’ ‘ವೈಫಲ್ಯ’ವನ್ನು ಐದನೆಯ ಹಂತದ ಸಾಲಿನಲ್ಲಿ ಮಾತ್ರ ಉಳಿಸಿಕೊಂಡಿದ್ದೇನೆ; ಬಳ್ಳಾರಿಯವರು ಕ್ಷಮಿಸಬೇಕು. ಬಣ್ಣವನ್ನು ಇಜಿಎಫ್‌ಆರ್‌ಗೆ ಮಾತ್ರ ಹಚ್ಚುತ್ತೇನೆ.

ಉಳಿದಿರುವುದು ಪೊಟ್ಯಾಸಿಯಂ. ಕಿಡ್ನಿಯವರು ಎಳನೀರು ಮುಟ್ಟಬಾರದು ಎಂದು ಯಾರೋ ಹೇಳಿ ಹೋಗಿದ್ದಾರೆ. ಕಲ್ಪತರು ನಾಡಿನಲ್ಲಿ ಇದನ್ನು ಗೋಡೆಯ ಮೇಲೆ ಬರೆಯುವ ಮೊದಲು ಖಚಿತಪಡಿಸಿಕೊಳ್ಳಬೇಕು. 1.6ರ ಸದಸ್ಯರು ತೋಟದವರು, ಎಳನೀರಿಲ್ಲದೆ ಅವರ ಬೆಳಗಾಗುವುದಿಲ್ಲ.

ಮಂಗಳೂರಿನ ಡಯಾಲಿಸಿಸ್ ನರ್ಸ್

ಪೊಟ್ಯಾಸಿಯಂ ಹೃದಯದ ಬಡಿತಕ್ಕೆ ಬೇಕಾದ ಲವಣ; ರಕ್ತದಲ್ಲಿ ಸುಮಾರು 3.5ರಿಂದ 5ರ ನಡುವೆ ಇರಬೇಕು. ಅದನ್ನು ಹೊರಹಾಕುವ ಕೆಲಸ ಮುಖ್ಯವಾಗಿ ಕಿಡ್ನಿಯದು. ತೀರಾ ಏರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಹೃದಯದ ಲಯ ತಪ್ಪಬಹುದು. ಡಯಾಲಿಸಿಸ್‌ನಲ್ಲಿರುವ, ಅಥವಾ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಏರಿದವರಿಗೆ ಎಳನೀರು ನಿಜವಾಗಿಯೂ ಬೇಡ. ಅಂಥವರು ತರಕಾರಿಯನ್ನು ಹೆಚ್ಚು ನೀರಿನಲ್ಲಿ ಬೇಯಿಸಿ ಆ ನೀರನ್ನು ಚೆಲ್ಲಬೇಕು. ಬಿಪಿಗೆ ಒಳ್ಳೆಯದೆಂದು ಮಾರುವ ಕಡಿಮೆ ಸೋಡಿಯಂ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಇರುವುದರಿಂದ ಅದೂ ಅವರಿಗೆ ಸಲ್ಲದು.

ಪೊಟ್ಯಾಸಿಯಂ ಸರಿಯಾಗಿರುವ ಮೂರು-ಎ ಹಂತದವರಿಗೆ ಈ ನಿಷೇಧ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಸದಸ್ಯರ ರಿಪೋರ್ಟಿನಲ್ಲಿ ಆ ಸಾಲು ಇದೆಯೇ ನೋಡಿ. ಇಲ್ಲದಿದ್ದರೆ ಮರುಪರೀಕ್ಷೆಯಲ್ಲಿ ಸೇರಿಸಲು ಹೇಳಿ, ಟೆಲ್ಮಿಸಾರ್ಟನ್ ನುಂಗುತ್ತಿದ್ದರಂತೂ ತಪ್ಪದೆ ಸೇರಿಸಲಿ, ಏಕೆಂದರೆ ಅದೂ ಪೊಟ್ಯಾಸಿಯಂ ಏರಿಸುತ್ತದೆ. ಬೇಡವೆಂದು ಗೋಡೆಯ ಮೇಲೆ ಧಾರಾಳವಾಗಿ ಬರೆಯಬಹುದಾದದ್ದು ಧಾರೆಹುಳಿ, ಅಂದರೆ ಐದು ಏಣಿನ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಹಣ್ಣು. ಕಿಡ್ನಿ ಸೊರಗಿದವರು ತಿಂದರೆ ನಿಲ್ಲದ ಬಿಕ್ಕಳಿಕೆಯಿಂದ ಶುರುವಾಗಿ, ಮಂಕು ಕವಿದು, ಫಿಟ್ಸ್‌ವರೆಗೆ ಹೋಗಬಹುದು. ಅದರ ರಸವೂ, ಉಪ್ಪಿನಕಾಯಿಯೂ ಬೇಡ.